ಮುಖ ತಿರುಗಿಸಿದವರ ಮುಂದೆ

"ಗುರುಗಳೇ, ನಮ್ಮನ್ನು ಕಂಡು ಮುಖ ತಿರುಗಿಸುವವರ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲಬೇಕು?"

ಶಿಷ್ಯ ಕೇಳಿದ. ಮಠದ ದಾಸೋಹಕ್ಕೆ ಊರೂರು ತಿರುಗಿ ಜೋಳ ಬೇಡಿ ತರುವುದು ಅವನ ಕೆಲಸ. ಆ ದಿನ ಜೋಳಿಗೆ ತುಂಬಿ ಬಂದಿತ್ತು. ಹೆಗಲಿನಿಂದ ಅದನ್ನು ಇಳಿಸುವ ಮೊದಲೇ ಕೇಳಿದ್ದನೆಂದರೆ, ಕೇಳಬೇಕೆಂದು ದಾರಿಯುದ್ದಕ್ಕೂ ಕಾಯ್ದುಕೊಂಡು ಬಂದ ಪ್ರಶ್ನೆಯೇ ಇರಬೇಕು.

ಗುರುಗಳು ಏನಾಯಿತೆಂದು ಕೇಳಿದರು.

ಪಕ್ಕದ ಊರಿನ ಕೊನೆಯ ಮನೆಯಲ್ಲಿ ಒಬ್ಬ ಹೆಂಗಸು ಇವನನ್ನು ನೋಡಿದವಳೇ ಮುಖ ತಿರುಗಿಸಿ ಒಳಗೆ ಹೋಗಿದ್ದಳು. ಇವನು ಕದಲಲಿಲ್ಲ. ಜಾಗಟೆ ಬಾರಿಸುತ್ತ ಅಲ್ಲೇ ನಿಂತ. ನೆರೆಹೊರೆಯವರು ಹೊರಗೆ ಬಂದು ನೋಡತೊಡಗಿದರು. ಕೊನೆಗೆ ಆಕೆ ಒಂದು ಬೊಗಸೆ ಜೋಳ ತಂದು ಜೋಳಿಗೆಗೆ ಸುರಿದು, ಕದ ಮುಂದೆ ಮಾಡಿಕೊಂಡಳು.

"ಇಟ್ಟುಕೊಂಡು ಇಲ್ಲ ಅನ್ನುವವರು ಹಾಗೆಯೇ ಗುರುಗಳೇ. ನಾನು ಗಟ್ಟಿಯಾಗಿ ನಿಂತದ್ದಕ್ಕೆ ಆಕೆಯ ಕೈಯಿಂದಲೂ ಒಂದು ಪುಣ್ಯದ ಕೆಲಸ ಆಯಿತು," ಎಂದ ಶಿಷ್ಯ. ಭೇಷ್ ಎನ್ನುತ್ತಾರೆಂದು ಕಾದ.

ಗುರುಗಳು ಭೇಷ್ ಎನ್ನಲಿಲ್ಲ. "ಜೋಳಿಗೆ ಇಳಿಸಿ ಕೂತುಕೋ. ನಿನಗೊಂದು ನಾಯಿಯ ಕತೆ ಹೇಳುತ್ತೇನೆ. ನಾಯಿ ಎಂದ ತಕ್ಷಣ ಮೂಗು ಮುರಿಯಬೇಡ ತಮ್ಮಾ. ಅದೂ ನಿನ್ನ ಹಾಗೆ ಪರರಿಗಾಗಿ ಬೇಡುತ್ತಿತ್ತು," ಎಂದರು. ಹೀಗೆ ಹೇಳಿದರು.

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲ. ನಮ್ಮ ಕಡೆಗೆ ರೈಲು ಬಂದು ಬಹಳ ವರ್ಷಗಳಾಗಿರಲಿಲ್ಲ. ಒಂದು ಜಂಕ್ಷನ್ ಸ್ಟೇಷನ್ನಿನಲ್ಲಿ ಇಬ್ಬರು ಗೆಳೆಯರಿದ್ದರು. ಬೋಗಿಗೆ ಬೋಗಿ ಜೋಡಿಸುವುದು ಅವರ ಕೆಲಸ. ಈ ಬೋಗಿಗೂ ಆ ಬೋಗಿಗೂ ನಡುವೆ ನಿಂತು, ಎಂಜಿನ್ನು ಹಿಂದಕ್ಕೆ ತಳ್ಳುವಾಗ ಸರಿಯಾದ ಗಳಿಗೆಗೆ ಸರಪಳಿಯನ್ನು ಕೊಕ್ಕೆಗೆ ಎಸೆಯಬೇಕು. ಗಳಿಗೆ ತಪ್ಪಿದರೆ ಮನುಷ್ಯ ಉಳಿಯುವುದಿಲ್ಲ. ಒಂದು ದಿನ ತಪ್ಪಿತು. ಒಬ್ಬ ಅಲ್ಲಿಯೇ ಸತ್ತ. ಇನ್ನೊಬ್ಬನ ಎಡಗೈ ಮಣಿಕಟ್ಟಿನವರೆಗೆ ಹೋಯಿತು.

ಕಂಪನಿಯವರು ಸತ್ತವನ ಮಣ್ಣಿನ ಖರ್ಚು ಕೊಟ್ಟರು. ಅವನಿಗೆ ಹೆಂಡತಿ ಇದ್ದಳು, ಎದೆಹಾಲು ಬಿಡದ ಒಂದು ಹೆಣ್ಣುಕೂಸಿತ್ತು. ಅವರಿಗೆ ಏನೂ ಕೊಡಲಿಲ್ಲ. ಆಗ ಹಾಗೆ ಕೊಡುವ ಪದ್ಧತಿಯೇ ಇರಲಿಲ್ಲ. ಕೈ ಹೋದವನಿಗೆ ಮಾತ್ರ ಸಿಗ್ನಲ್ ಕಂಬಗಳಿಗೆ ದೀಪ ಹಚ್ಚುವ ಕೆಲಸ ಕೊಟ್ಟರು. ಅಂದಿನಿಂದ ಎಲ್ಲರೂ ಅವನನ್ನು ದೀಪದವನು ಎಂದೇ ಕರೆದರು. ನಾವೂ ಹಾಗೆಯೇ ಕರೆಯೋಣ.

ದೀಪದವನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಗೆಳೆಯನ ಹೆಂಡತಿ ಕಂಡವರ ಮನೆಯಲ್ಲಿ ಬೀಸುತ್ತಿದ್ದಳು, ಕುಟ್ಟುತ್ತಿದ್ದಳು. ಕೂಸನ್ನು ಬೀಸುಕಲ್ಲಿನ ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ಅವಳ ಓಣಿಯಲ್ಲಿ ಹಾದು ಬರುವಾಗ ಆ ಕಲ್ಲಿನ ಸದ್ದು ಕೇಳಿಸಿದರೆ ಅವನು ಹೆಜ್ಜೆ ಜೋರು ಮಾಡುತ್ತಿದ್ದ. ತನ್ನದು ಕೈ ಹೋಯಿತು, ಅವನದು ಜೀವ ಹೋಯಿತು, ಒಂದು ಗೇಣು ಆಚೆ ಈಚೆ ನಿಂತಿದ್ದರೆ ಲೆಕ್ಕ ತಿರುವುಮುರುವಾಗುತ್ತಿತ್ತು ಎಂಬುದು ಅವನ ತಲೆಯಿಂದ ಇಳಿಯಲೇ ಇಲ್ಲ.

ಹೀಗಿರುವಾಗ ಒಬ್ಬ ಇಂಗ್ಲಿಷ್ ದೊರೆ ಸ್ಟೇಷನ್ ನೋಡಲು ಬಂದ. ಸತ್ತ ರೈಲು ಕೆಲಸಗಾರರ ಹೆಂಡಿರು ಮಕ್ಕಳ ಮಾತು ಬಂತು. ದೊರೆ ನಕ್ಕು, ನಮ್ಮ ದೇಶದ ದೊಡ್ಡ ಸ್ಟೇಷನ್ನುಗಳಲ್ಲಿ ಈ ಕೆಲಸವನ್ನು ನಾಯಿಗಳು ಮಾಡುತ್ತವೆ ಎಂದ. ಬೆನ್ನಿಗೆ ಒಂದು ಡಬ್ಬಿ ಕಟ್ಟಿಕೊಂಡು ಪ್ಲಾಟ್‌ಫಾರಂ ಮೇಲೆ ತಿರುಗುತ್ತವೆ, ಜನ ಕಾಸು ಹಾಕುತ್ತಾರೆ, ಅನಾಥ ಮಕ್ಕಳು ಉಣ್ಣುತ್ತವೆ. ಕೆಲವು ನಾಯಿಗಳು ಸತ್ತ ಮೇಲೂ ಅವುಗಳ ಚರ್ಮದೊಳಗೆ ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿ ನಿಲ್ಲಿಸಿರುತ್ತಾರೆ, ಆಗಲೂ ಕಾಸು ಬೀಳುತ್ತದೆ. ಸ್ಟೇಷನ್ ಮಾಸ್ತರರು ಇದನ್ನು ಕನ್ನಡದಲ್ಲಿ ತಿಳಿಸಿದಾಗ ಹಮಾಲರೆಲ್ಲ ನಕ್ಕರು. ಸತ್ತ ಮೇಲೂ ಡ್ಯೂಟಿ ತಪ್ಪಲಿಲ್ಲವಲ್ಲ ಅದಕ್ಕೆ ಎಂದು ಒಬ್ಬ ಅಂದ. ದೀಪದವನು ಮಾತ್ರ ನಗಲಿಲ್ಲ. ಮರುದಿನವೇ ಸ್ಟೇಷನ್ನಿನ ಹಿಂದೆ ಬಿದ್ದಿರುತ್ತಿದ್ದ ಒಂದು ಕೆಂಚು ಬಣ್ಣದ ನಾಯಿಗೆ ರೊಟ್ಟಿ ಹಾಕಿದ.

ಕೆಂಚ ಎಂದೇ ಅದರ ಹೆಸರಾಯಿತು. ಚಮ್ಮಾರನಿಂದ ಒಂದು ಪಟ್ಟಿ ಹೊಲಿಸಿ, ಮೇಲೆ ಸೀಳು ಇದ್ದ ತಗಡಿನ ಡಬ್ಬಿಯನ್ನು ಅದಕ್ಕೆ ಬಿಗಿದು, ನಾಯಿಯ ಬೆನ್ನಿಗೆ ಕಟ್ಟಿದರು. ಡಬ್ಬಿಗೆ ಬೀಗ, ಬೀಗದ ಕೀಲಿ ಸ್ಟೇಷನ್ ಮಾಸ್ತರರ ಹತ್ತಿರ. ಕಾಸು ಡಬ್ಬಿಯೊಳಗೆ ಬಿದ್ದ ಸದ್ದಾದರೆ ಮುಂಗಾಲೆತ್ತಿ ಸಲಾಂ ಮಾಡುವುದನ್ನು ದೀಪದವನು ಬೆಲ್ಲ ಸವರಿದ ರೊಟ್ಟಿ ಕೊಟ್ಟು ಕಲಿಸಿದ. ಒಂದೇ ಕೈಯಲ್ಲಿ ಕಲಿಸಿದ. ಜನ ಆ ಸಲಾಮು ನೋಡುವುದಕ್ಕೇ ಕಾಸು ಹಾಕಿದರು. ಮೊದಮೊದಲು ಸಾಕಷ್ಟು ಬಂತು. ಆಮೇಲೆ ಕಡಿಮೆಯಾಯಿತು. ನೋಡಿದ್ದನ್ನೇ ಎಷ್ಟು ಸಲ ನೋಡುತ್ತಾರೆ?

ದೀಪದವನು ಬಿಡುವಿನ ಹೊತ್ತಿನಲ್ಲಿ ಪ್ಲಾಟ್‌ಫಾರಂನ ತುದಿಯಲ್ಲಿ ಕೂತು, ಕೊಡುವವರು ಯಾರು, ಕೊಡದವರು ಯಾರು ಎಂದು ನೋಡತೊಡಗಿದ. ನೋಡುತ್ತ ನೋಡುತ್ತ ಅವನಿಗೆ ಒಂದು ವಿಷಯ ಹೊಳೆಯಿತು. ಕೈಯಲ್ಲಿ ಏನೂ ಇಲ್ಲದವನು ನಾಯಿಯನ್ನು ನೆಟ್ಟಗೆ ನೋಡುತ್ತಾನೆ. ತಲೆ ಸವರುತ್ತಾನೆ, ನನ್ನ ಹತ್ತಿರ ಏನಿದೆಯೋ ಮಾರಾಯ ಎಂದು ಅದರೊಂದಿಗೆ ಮಾತಾಡುತ್ತಾನೆ. ಇದ್ದೂ ಕೊಡಲೊಲ್ಲದವನು ನಾಯಿ ಹತ್ತಿರ ಬಂದಾಗ ಆಕಾಶ ನೋಡುತ್ತಾನೆ, ಗಡಿಯಾರ ನೋಡುತ್ತಾನೆ, ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತಾನೆ. ಅಂದರೆ, ಮುಖ ತಿರುಗಿಸಿದವನ ಕಿಸೆಯಲ್ಲಿ ಕಾಸಿದೆ. ದೀಪದವನಿಗೆ ಇದು ಶಾಸ್ತ್ರ ಓದಿದಷ್ಟು ಖಚಿತವಾಯಿತು.

ಅವನು ನಾಲ್ಕಾರು ಹಮಾಲರನ್ನು ಬೆಂಚಿನ ಮೇಲೆ ಸಾಲಾಗಿ ಕೂರಿಸಿದ. ಎಲ್ಲರೂ ನಾಯಿಯನ್ನೇ ನೋಡಬೇಕು, ಒಬ್ಬ ಮಾತ್ರ ಮುಖ ತಿರುಗಿಸಬೇಕು. ಮುಖ ತಿರುಗಿಸಿದವನ ಮುಂದೆ ನಾಯಿ ಕೂತರೆ ಬೆಲ್ಲದ ರೊಟ್ಟಿ. ಬೇರೆಯವರ ಮುಂದೆ ಕೂತರೆ ಇಲ್ಲ. ಡಬ್ಬಿಗೆ ಕಾಸು ಬೀಳುವ ಮೊದಲೇ ಎದ್ದರೂ ಇಲ್ಲ. ಮಳೆಗಾಲ ಮುಗಿಯುವುದರೊಳಗೆ ಕೆಂಚ ಪಳಗಿತು. ಪ್ಲಾಟ್‌ಫಾರಂ ಮೇಲೆ ಎಷ್ಟೇ ಜನರಿರಲಿ, ತನ್ನನ್ನು ಕಂಡು ಮುಖ ಆಚೆ ಮಾಡಿದವರನ್ನು ಹುಡುಕಿ, ಅವರ ಕಾಲ ಬುಡದಲ್ಲಿ ಕೂತುಬಿಡುತ್ತಿತ್ತು. ಬೊಗಳುತ್ತಿರಲಿಲ್ಲ, ಮುಟ್ಟುತ್ತಿರಲಿಲ್ಲ. ಸುಮ್ಮನೆ ಕೂತು ಮುಖ ನೋಡುತ್ತಿತ್ತು.

ಮೊದಲು ಸಿಕ್ಕಿಬಿದ್ದವನು ಒಬ್ಬ ಹತ್ತಿಯ ವ್ಯಾಪಾರಿ. ನಾಯಿ ಬರುವುದನ್ನು ಕಂಡು ಅವನು ಸಿಗ್ನಲ್ ಕಂಬವನ್ನು ನೋಡುತ್ತ ನಿಂತ. ಕೆಂಚ ಹೋಗಿ ಮುಂದೆ ಕೂತಿತು. ವ್ಯಾಪಾರಿ ಇನ್ನೊಂದು ಬೆಂಚಿಗೆ ಹೋದ. ಕೆಂಚ ಅಲ್ಲಿಗೂ ಹೋಯಿತು. ನೀರಿನ ನಲ್ಲಿಯ ಹತ್ತಿರ ಹೋದ, ಅಲ್ಲಿಗೂ ಹೋಯಿತು. ಅಷ್ಟರಲ್ಲಿ ನಿಂತ ಜನರೆಲ್ಲ ಆ ಕಡೆಗೇ ತಿರುಗಿ ನಗುತ್ತಿದ್ದರು. ಗಾಡಿಯ ಗಂಟೆ ಹೊಡೆಯಿತು. ವ್ಯಾಪಾರಿ ಬೆವರು ಒರೆಸಿಕೊಂಡು ಡಬ್ಬಿಗೆ ಒಂದು ರೂಪಾಯಿ ಹಾಕಿದ. ಕೆಂಚ ಸಲಾಂ ಮಾಡಿತು. ಹಮಾಲರು ಚಪ್ಪಾಳೆ ತಟ್ಟಿದರು.

"ಅಲ್ಲೋ, ನನ್ನ ಹತ್ರ ರೊಕ್ಕ ಐತಿ ಅಂತ ಈ ನಾಯಿಗೆ ಯಾರು ಹೇಳಿದ್ರು?" ಎಂದು ವ್ಯಾಪಾರಿ ದೀಪದವನನ್ನು ಕೇಳಿದ.

"ನೀವ ಹೇಳಿದ್ರಿ ಸಾವ್ಕಾರ್ರ. ಇಲ್ಲದಾವ್ರು ಯಾರರ ಮಾರಿ ತಿರುವತಾರೇನು?" ಎಂದ ದೀಪದವನು.

ಈ ಮಾತು ಸ್ಟೇಷನ್ ತುಂಬ ಹಬ್ಬಿತು. ಅಲ್ಲಿಂದ ಡಬ್ಬಿ ಖಾಲಿ ಉಳಿದ ದಿನವಿಲ್ಲ. ಸತ್ತವರ ಮನೆಗಳಿಗೆ ತಿಂಗಳು ತಿಂಗಳು ಸಹಾಯ ಹೋಗತೊಡಗಿತು. ಗೆಳೆಯನ ಹೆಂಡತಿಯೂ ಸ್ಟೇಷನ್ನಿನ ಹಿಂಬಾಗಿಲಿಗೆ ಬಂದು, ತಲೆ ತಗ್ಗಿಸಿ ನಿಂತು, ಸೆರಗಿನಲ್ಲಿ ಹಣ ಕಟ್ಟಿಕೊಂಡು ಹೋಗುತ್ತಿದ್ದಳು. ದೀಪದವನು ಆ ಹೊತ್ತಿಗೆ ಅಲ್ಲಿ ಇರುತ್ತಿರಲಿಲ್ಲ. ಬೇಕೆಂದೇ ಇರುತ್ತಿರಲಿಲ್ಲ. ಅವಳಿಗೆ ಸಂಕೋಚವಾಗಬಾರದಲ್ಲ. ಆದರೆ ಓಣಿಯಲ್ಲಿ ಬೀಸುಕಲ್ಲಿನ ಸದ್ದು ಕಡಿಮೆಯಾದದ್ದು ಅವನಿಗೆ ಗೊತ್ತಾಯಿತು. ಅವನು ಹೊಟ್ಟೆ ತುಂಬ ಉಂಡ. ನಾಯಿಗೂ ಬೆಲ್ಲ ಒಂದು ಚೂರು ಹೆಚ್ಚೇ ಹಾಕಿದ. ಅವನು ಮಾಡಿದ್ದು ಒಳ್ಳೆಯ ಕೆಲಸ ತಮ್ಮಾ, ಅದರಲ್ಲಿ ಎರಡು ಮಾತಿಲ್ಲ.

ಹೀಗೆ ಒಂದೆರಡು ವರ್ಷ ನಡೆಯಿತು. ಒಂದು ದಿನ ಇಳಿಹೊತ್ತಿನ ಗಾಡಿ ಬರುವ ಸಮಯ. ಪ್ಲಾಟ್‌ಫಾರಂ ತುಂಬ ಜನ. ದೀಪದವನು ಈ ತುದಿಯಲ್ಲಿ ಕೂತು ದೀಪದ ಗಾಜುಗಳನ್ನು ಒರೆಸುತ್ತಿದ್ದ. ಆ ತುದಿಯಲ್ಲಿ, ಮೂರನೆಯ ದರ್ಜೆಯ ಟಿಕೇಟಿನ ಕಿಟಕಿಯ ಬಳಿ, ಜನ ಗುಂಪುಗೂಡಿದರು. ಆ ಕಿಟಕಿ ಗಾಡಿ ಬರುವ ಮುಂಚೆ ಸ್ವಲ್ಪ ಹೊತ್ತು ಮಾತ್ರ ತೆರೆಯುತ್ತಿತ್ತು. ಇನ್ನೂ ತೆರೆದಿರಲಿಲ್ಲ. ಗುಂಪಿನ ನಡುವೆ ಕೆಂಚ ಕೂತಿತ್ತು. ಅದರ ಮುಂದೆ ಒಬ್ಬ ಹೆಂಗಸು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಗೋಡೆಯ ಕಡೆಗೆ ತಿರುಗಿ ನಿಂತಿದ್ದಳು. ಸೊಂಟದ ಮೇಲೆ ಒಂದು ಮಗು.

ದೀಪದವನಿಗೆ ಕಂಡದ್ದು ಅವಳ ಬೆನ್ನು ಮಾತ್ರ. ಸಿಕ್ಕಿತು ಇನ್ನೊಂದು ಗಿರಾಕಿ ಎಂದುಕೊಂಡ. ಅವನು ಹೋಗಿ ನಾಯಿಯ ಪಟ್ಟಿಗೆ ಕೈ ಹಾಕಿದ್ದರೆ ಅದು ಎದ್ದು ಬರುತ್ತಿತ್ತು. ಹಾಕಲಿಲ್ಲ. ಗಾಜು ಒರೆಸುತ್ತಲೇ ನೋಡಿದ. ಅವಳು ಗೋಡೆಗುಂಟ ಸ್ವಲ್ಪ ಸರಿದಳು. ನಾಯಿಯೂ ಸರಿದು ಕೂತಿತು. ಯಾರೋ ಏನೋ ಅಂದರು, ಜನ ನಕ್ಕರು. ಕೊಟ್ಟುಬಿಡವ್ವಾ, ಗಂಟು ಬಿಚ್ಚು ಎಂದು ಇನ್ನೊಬ್ಬ ಕೂಗಿದ. ಆಕೆ ಬಹಳ ಹೊತ್ತು ಹಾಗೆಯೇ ನಿಂತಿದ್ದಳು. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿದಳು. ಅದರಲ್ಲಿ ನಾಲ್ಕಾಣೆಯ ಒಂದೇ ಒಂದು ಪಾವಲಿ ಇತ್ತು. ಮುಖ ತಿರುಗಿಸಿಕೊಂಡೇ ಅದನ್ನು ಡಬ್ಬಿಯ ಸೀಳಿನೊಳಗೆ ಇಳಿಬಿಟ್ಟಳು. ಕೆಂಚ ಸಲಾಂ ಮಾಡಿತು. ಜನ ಚಪ್ಪಾಳೆ ತಟ್ಟಿದರು. ಟಿಕೇಟಿನ ಕಿಟಕಿ ತೆರೆಯಿತು, ಎಲ್ಲರೂ ಆ ಕಡೆ ನುಗ್ಗಿದರು. ಗಾಡಿ ಬಂತು, ಹೋಯಿತು.

ನಮ್ಮ ಕೆಂಚನ ಕಣ್ಣು ತಪ್ಪಿಸುವುದು ಯಾರಿಂದ ಆದೀತು ಎಂದು ದೀಪದವನು ಒಳಗೊಳಗೇ ಉಬ್ಬಿದ. ಅವನ ಈ ಹೆಮ್ಮೆಯನ್ನು ನಾನು ಕ್ಷಮಿಸಿದ್ದೇನೆ. ಅವನು ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ.

ಸಂಜೆ ಅವನು ಊರ ಹೊರಗಿನ ಸಿಗ್ನಲ್ಲಿಗೆ ದೀಪ ಹಚ್ಚಲು ಹೋದ. ಕೆಂಚ ಜೊತೆಗೆ ಹೋಯಿತು. ಒಂದೇ ಕೈಯಲ್ಲಿ ಏಣಿ ಹಿಡಿದು, ದೀಪವನ್ನು ಹೆಗಲಿಗೆ ಹಾಕಿಕೊಂಡು ಅವನು ಮೇಲೆ ಹತ್ತಿದ. ಹತ್ತಿ ನೋಡಿದರೆ, ಕಂಬಿಯ ಪಕ್ಕದ ಜಲ್ಲಿಕಲ್ಲಿನ ಮೇಲೆ ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ನಡೆದು ಬರುತ್ತಿದ್ದಳು. ಮಗುವಿನ ಒಂದು ಕಣ್ಣಿಗೆ ಬಟ್ಟೆ ಕಟ್ಟಿತ್ತು. ಕಂಬದ ಕೆಳಗೆ ಬಂದಾಗ ಆಕೆ ನಾಯಿಯನ್ನು ಕಂಡಳು. ಕಂಡವಳೇ ಸೆರಗೆಳೆದುಕೊಂಡು ದೂರ ಸರಿದು ನಡೆದಳು. ಆದರೆ ಮೇಲಿನಿಂದ ನೋಡುವವನಿಗೆ ಅಷ್ಟರಲ್ಲಿ ಮುಖ ಕಂಡಾಗಿತ್ತು. ಅವಳು ಸತ್ತ ಗೆಳೆಯನ ಹೆಂಡತಿ.

"ತಂಗೀ, ನೀನಾ? ಗಾಡಿ ಹೋತಲ್ಲ, ಇದೇನ್ ಕಂಬಿಗುಂಟ ನಡದಿ?" ಎಂದು ಕೂಗಿದ.

"ಕೂಸಿನ ಕಣ್ಣ ಹೊಂಟೈತಿ ಅಣ್ಣಾ. ಮಿಶನ್ ದವಾಖಾನಿಗೆ ನಾಳೆ ಮುಂಜಾನೆ ಕಣ್ಣಿನ ಡಾಕ್ಟರ್ ಬರ್ತಾನ. ಟಿಕೇಟಿನ ರೊಕ್ಕ ನಾಯಿ ಡಬ್ಬಿಗೆ ಹಾಕಿನಿ. ಅದು ಮುಂದ ಬಿಟ್ಟು ಏಳವಲ್ದು, ಎಲ್ಲಾರೂ ನನ್ನ ನೋಡಾಕತ್ತಿದ್ರು."

ದೀಪದವನು ಏಣಿಯ ಮೇಲಿನಿಂದ ಬಗ್ಗಿದ. "ಅಲ್ಲವ್ವಾ, ನೀನ್ಯಾಕ ಮಾರಿ ತಿರುವಿದಿ?"

ಆಕೆ ನಿಂತಳು. "ಆ ಡಬ್ಬಿ ಅನ್ನಾ ಉಣ್ಣಾಕಿ ನಾನು. ಅದಕ್ಕ ಹೆಂಗ ಮಾರಿ ತೋರಸ್ಲಿ?" ಎಂದಳು. ಹೊತ್ತು ಮುಳುಗುತ್ತಿದೆ ಎಂದು ಮತ್ತೆ ಹೆಜ್ಜೆ ಹಾಕಿದಳು.

ನಿಲ್ಲು, ಇಳಿದು ಬರುತ್ತೇನೆ ಎಂದು ಅವನು ಕೂಗಿದ. ಕೂಗಿದನೇ ಹೊರತು ಇಳಿಯಲು ಆಗಲಿಲ್ಲ. ಆ ಕಡೆಯಿಂದ ಗೂಡ್ಸ್ ಗಾಡಿ ಹೊರಟಿರುವ ಸುದ್ದಿ ತಂತಿಯಲ್ಲಿ ಬಂದಿತ್ತು. ದೀಪ ಹಚ್ಚದೆ ಇಳಿದರೆ ಇನ್ನೊಬ್ಬರ ಮನೆ ಹಾಳಾಗುತ್ತದೆ. ಒಂದೇ ಕೈ. ಕೈಯಿಲ್ಲದ ತೋಳಿನಲ್ಲಿ ಏಣಿಯನ್ನು ತಬ್ಬಿಕೊಂಡು, ಕಡ್ಡಿಪೆಟ್ಟಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಗೀರಬೇಕು. ಗಾಳಿಗೆ ಕಡ್ಡಿ ಆರಿತು. ಇನ್ನೊಂದು ಗೀರಿದ, ಅದೂ ಆರಿತು. ದೀಪ ಹತ್ತಿಕೊಳ್ಳುವ ಹೊತ್ತಿಗೆ ಆಕೆ ದೂರದ ತಿರುವಿನಲ್ಲಿ ಒಂದು ಚುಕ್ಕೆಯಾಗಿದ್ದಳು.

ಅವನು ಇಳಿದ. ಏಣಿಯ ಬುಡದಲ್ಲಿ ಕೆಂಚ ಬಾಲ ಅಲ್ಲಾಡಿಸುತ್ತ ನಿಂತಿತ್ತು. ಅವಳ ಪಾವಲಿ ಅದರ ಬೆನ್ನ ಮೇಲೆಯೇ ಇತ್ತು. ಯಾರ ಹೊಟ್ಟೆ ತುಂಬಲೆಂದು ಈ ನಾಯಿಯನ್ನು ಸಾಕಿದನೋ ಅವಳ ಗಂಟನ್ನೇ ಅದು ಬಿಚ್ಚಿಸಿತ್ತು, ಬಿಚ್ಚಿಸುವುದನ್ನು ಕಲಿಸಿದವನು ತಾನು. ಆ ನಾಯಿಯ ಮುಖ ನೋಡುವುದು ಅವನಿಂದ ಆಗಲಿಲ್ಲ. ನಾಚಿಕೆಯಿಂದ ಮುಖ ತಿರುಗಿಸಿದ.

ಕೆಂಚ ಬಂದು ಅವನ ಕಾಲ ಬುಡದಲ್ಲಿ ಕೂತಿತು.

ಹೋಗು ಎಂದ. ಅದು ಹೋಗಲಿಲ್ಲ. ಗದರಿಸಿದ. ಅದು ಕಿವಿ ತಗ್ಗಿಸಿತು, ಏಳಲಿಲ್ಲ. ಕಾಸು ಬೀಳದೆ ಏಳಬಾರದೆಂದು ಕಲಿಸಿದವನು ಅವನೇ. ಕಿಸೆಗೆ ಕೈ ಹಾಕಿದ. ಕಡ್ಡಿಪೆಟ್ಟಿಗೆಯ ಹೊರತು ಏನೂ ಇರಲಿಲ್ಲ. ಗೂಡ್ಸ್ ಗಾಡಿ ನೆಲ ಅದುರಿಸುತ್ತ ಬಂದು ಅವರಿಬ್ಬರ ಪಕ್ಕದಲ್ಲೇ ಹಾದುಹೋಯಿತು. ನಾಯಿ ಅವನ ಮುಖ ನೋಡುತ್ತ ಹಾಗೆಯೇ ಕೂತಿತ್ತು. ಕೆಂಚನನ್ನು ಕಂಡು ಮುಖ ತಿರುಗಿಸಿದವರಲ್ಲಿ ಎಷ್ಟು ಜನರ ಕಿಸೆ ಹೀಗೆ ಬರಿದಾಗಿತ್ತೋ ಎಂಬುದು ಅವನಿಗೆ ಆಗ ಹೊಳೆಯಿತು.

ಅವನು ಬಾಗಿ, ಒಂದೇ ಕೈಯಲ್ಲಿ ನಾಯಿಯ ಪಟ್ಟಿಯ ಬಕಲ್ ಬಿಚ್ಚಿದ. ಕೀಲಿ ತರಲು ಸ್ಟೇಷನ್ನಿಗೆ ಹೋಗಲಿಲ್ಲ, ಯಾರನ್ನೂ ಕೇಳಲಿಲ್ಲ. ಬೀಗದ ಸಮೇತ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು, ಆಕೆ ಹೋದ ದಾರಿಯಲ್ಲಿ ಕಂಬಿಗುಂಟ ಓಡಿದ. ಮರುದಿನ ಕೆಲಸ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಕೆಂಚ ಹಿಂದೆ ಬರಲಿಲ್ಲ. ಕಾಸು ಬಿದ್ದ ಸದ್ದು ಇನ್ನೂ ಆಗಿರಲಿಲ್ಲವಲ್ಲ, ಬರಿಯ ಬೆನ್ನಿನಲ್ಲಿ ಅದು ದೀಪದ ಕೆಳಗೆ ಕೂತೇ ಇತ್ತು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಆ ಹೆಂಗಸಿನ ಮೇಲೆ ಕನಿಕರ ಹುಟ್ಟಿತ್ತು, ನಾಯಿಯ ಮೇಲೆ ಸಿಟ್ಟೂ ಬಂದಿತ್ತು.

"ಅಷ್ಟು ಜನರಿದ್ದರು ಗುರುಗಳೇ. ಆ ಹಾಳು ನಾಯಿ ಹೋಗಿ ಹೋಗಿ ಆಕೆಯ ಮುಂದೆಯೇ ಕೂರಬೇಕೇ? ಕೂತರೂ, ಆಕೆಯ ಕಷ್ಟ ಏನೆಂದು ಅದಕ್ಕೆ ಒಂದಿಷ್ಟಾದರೂ ತಿಳಿಯಬಾರದಿತ್ತೇ?"

ಗುರುಗಳು ಅವನ ತುಂಬಿದ ಜೋಳಿಗೆಯನ್ನು ಅವನ ಕಡೆಗೇ ಸರಿಸಿದರು.

"ಅದು ಮೂಕಪ್ರಾಣಿ, ಯಾಕೆ ತಾಯಿ ಮುಖ ತಿರುಗಿಸಿದೆ ಎಂದು ಕೇಳಲು ಅದಕ್ಕೆ ಬಾರದು; ನಿನಗೇನಾಗಿತ್ತು?"